ಓದುಗರ ಪ್ರಶ್ನೆ: ಫೋನ್ ನಮ್ದು, ಬಾಗ್ಲು ಯಾರ್ದು?

ಹೋದ ತಿಂಗಳು ಇದೇ ಅಂಕಣದಲ್ಲಿ ಒಬ್ರಿಗೆ ಉತ್ತರ ಬರೀತಾ "ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಏನೂ ಹಾಕ್ಕೋಬೇಡಿ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೆ. ಅದಕ್ಕೆ ಬಂದಿರೋ ಕಾಗ್ದ, ಮೆಸೇಜು ಎಲ್ಲ ಓದಿದ್ಮೇಲೆ ಅದು ಒಂದು ಸಾಲಿಗೆ ಮುಗಿಯೋ ವಿಷ್ಯ ಅಲ್ಲ ಅಂತ ಅನ್ನಿಸ್ತು. ಹೊರಗಿನವ್ರು ಮಾಡಿದ ಸಾಫ್ಟ್‌ವೇರನ್ನ ನಮ್ ಫೋನ್ ಒಳಗೆ ಬಿಟ್ಕೋಬೇಕಾ, ಬಿಟ್ಕೊಂಡ್ರೆ ಯಾರನ್ನ, ಅದನ್ನ ತೀರ್ಮಾನ ಮಾಡೋರು ಯಾರು ಅಂತ ಐದು ಜನ ಐದು ತರ ಕೇಳಿದಾರೆ. ಈ ಸಲ ಬೇರೆ ಪ್ರಶ್ನೆ ಎಲ್ಲ ಪಕ್ಕಕ್ಕಿಟ್ಟು ಇದನ್ನೇ ಹಿಡ್ಕೊಂಡಿದೀನಿ.

ಅರಸೀಕೆರೆಯಿಂದ ಒಬ್ಬ ಓದುಗರು:

ಸರ್, ನಮ್ಮಮ್ಮಂಗೆ 58 ವರ್ಷ. ನಮ್ ಸಂಬಂಧಿಕರ ನಂಬರಿಂದ್ಲೇ ವಾಟ್ಸಾಪಲ್ಲಿ ಮದ್ವೆ ಕಾರ್ಡ್ ಅಂತ ಒಂದು ಫೈಲ್ ಬಂತು, ಅಮ್ಮ ಒತ್ತಿದ್ರು, ಅದೇನೇನೋ ಕೇಳ್ತು, ಎಲ್ಲಕ್ಕೂ ಓಕೆ ಅಂದ್ರು, ಕಾರ್ಡ್ ಮಾತ್ರ ಬರ್ಲೇ ಇಲ್ಲ. ಮಾರನೇ ದಿನ ಡೈರಿ ದುಡ್ಡು ಬಿದ್ದಿದ್ಯಾ ಅಂತ ನೋಡಿದ್ರೆ ಅಕೌಂಟಿಂದ 46 ಸಾವಿರ ಹೋಗಿದೆ. ಈ ಏಪಿಕೆ ಅನ್ನೋದನ್ನೇ ಯಾಕ್ ಬಿಡ್ತಾರೆ? ಐಫೋನ್ ತರ ಪೂರ್ತಿ ಬೀಗ ಹಾಕಿದ್ರೆ ಆಗಲ್ವಾ?

ಉತ್ತರ: ಮೊದ್ಲು ಅಮ್ಮಂಗೆ ಬೈಯೋದು ನಿಲ್ಸಿ. ಗೊತ್ತಿರೋರ ನಂಬರಿಂದ ಮದ್ವೆ ಕರೆಯೋಲೆ ಬಂದ್ರೆ ತೆಗೆದು ನೋಡದೇ ಇರೋರು ನಮ್ ಕಡೆ ಯಾರಿದಾರೆ ಹೇಳಿ. ಕಳ್ಸಿದ ಸಂಬಂಧಿಕರನ್ನೂ ದೂರಬೇಡಿ, ಅವ್ರ ಫೋನ್ ಮೊದ್ಲೇ ಕಳ್ಳರ ಕೈಗೆ ಹೋಗಿರುತ್ತೆ, ಅಲ್ಲಿಂದ ಅವ್ರಿಗೆ ಗೊತ್ತಿಲ್ದಂಗೇ ಎಲ್ಲಾ ನಂಬರಿಗೂ ಹೋಗಿರುತ್ತೆ.

ಏಪಿಕೆ ಅಂದ್ರೆ ಬೇರೇನೂ ಅಲ್ಲ, ಆಂಡ್ರಾಯ್ಡ್ ಆಪ್ ಒಂದರ ಗಂಟು. ಪ್ಲೇ ಸ್ಟೋರಿಂದ ನೀವು ಹಾಕ್ಕೊಂಡಾಗ್ಲೂ ಫೋನಿಗೆ ಇಳಿಯೋದು ಅದೇ ಗಂಟೇ, ಕಣ್ಣಿಗೆ ಕಾಣಲ್ಲ ಅಷ್ಟೆ. ನಿಮ್ಮಮ್ಮನ ಫೋನಲ್ಲಿ ಏನಾಗಿರುತ್ತೆ ಅಂದ್ರೆ, ಮೊದಲನೇ ಓಕೆಗೆ ವಾಟ್ಸಾಪ್ ಮೂಲಕ ಆಪ್ ಹಾಕೋಕೆ ಅನುಮತಿ ಸಿಕ್ತು, ಎರಡನೇದಕ್ಕೆ ಆಪ್ ಒಳಗೆ ಕೂತ್ಕೊಂತು, ಮೂರನೇದಕ್ಕೆ ಎಸ್ಎಮ್ಎಸ್ ಓದೋ ಪರ್ಮಿಶನ್ ಸಿಕ್ತು, ಅಲ್ಲಿಗೆ ಬ್ಯಾಂಕಿಂದ ಬರೋ ಓಟಿಪಿ ಎಲ್ಲ ನಿಮ್ಮಮ್ಮ ನೋಡೋಕ್ಕಿಂತ ಮುಂಚೆ ಇನ್ಯಾರ್ದೋ ಕೈ ಸೇರ್ತಾ ಹೋಗುತ್ತೆ. ಕೆಲವು ಆಪ್‌ಗಳು ಆಕ್ಸೆಸಿಬಿಲಿಟಿ ಅನ್ನೋ ಪರ್ಮಿಶನ್ ಕೂಡ ಕೇಳ್ತವೆ, ಅದು ಕಣ್ಣು ಕಾಣದವ್ರಿಗೆ ಫೋನ್ ಓದಿ ಹೇಳೋಕೆ ಅಂತ ಮಾಡಿರೋ ಒಳ್ಳೆ ಸೌಲಭ್ಯ, ಅದು ಸಿಕ್ಕಿದ್ರೆ ಪರದೆ ಮೇಲೆ ಏನಿದೆ ಅಂತ ಓದಬಹುದು, ನಿಮ್ ಬದ್ಲು ಬಟನ್ ಕೂಡ ಒತ್ತಬಹುದು.

ಈಗ ಬೀಗದ ವಿಷ್ಯ. ನೇರವಾಗಿ ಹೇಳ್ತೀನಿ, ಇದೇ ಮೋಸ ಇದೇ ರೀತೀಲಿ ಐಫೋನಲ್ಲಿ ನಡೀತಿರ್ಲಿಲ್ಲ. ಅಲ್ಲಿ ವಾಟ್ಸಾಪಲ್ಲಿ ಬಂದ ಫೈಲ್ ಒತ್ತಿದ ತಕ್ಷಣ ಆಪ್ ಆಗಿ ಕೂರಲ್ಲ, ಎಸ್ಎಮ್ಎಸ್ ಇನ್‌ಬಾಕ್ಸನ್ನ ಹೊರಗಿನ ಆಪ್‌ಗೆ ಓದೋಕೆ ಕೊಡಲ್ಲ. ಇದನ್ನ ಒಪ್ಪಿಕೊಂಡೇ ಮುಂದಿನ ಮಾತು ಆಡ್ಬೇಕು. ಆದ್ರೆ ಬೀಗ ಹಾಕಿರೋ ಅಂಗಡಿ ಒಳಗೇ ಕಳ್ಳ ಇದ್ರೆ? ಲೋನ್ ಆಪ್‌ಗಳು ನೆನಪಿರ್ಬೇಕು, ಐದು ಸಾವಿರ ಕೊಟ್ಟು ಕಾಂಟ್ಯಾಕ್ಟ್ ಲಿಸ್ಟ್, ಫೋಟೋ ಎಲ್ಲ ಎಳ್ಕೊಂಡು ಆಮೇಲೆ ನೆಂಟರಿಗೆಲ್ಲ ಫೋನ್ ಮಾಡಿ ಮಾನ ಕಳೀತಿದ್ವಲ್ಲ, ಅವು ಬಂದಿದ್ದು ಪ್ಲೇ ಸ್ಟೋರಿಂದ. 2021ರ ಏಪ್ರಿಲಿಂದ 2022ರ ಜುಲೈವರೆಗೆ ಅಂಥ 2,500ಕ್ಕೂ ಹೆಚ್ಚು ಆಪ್‌ಗಳನ್ನ ಗೂಗಲ್ ಕಿತ್ತುಹಾಕ್ತು ಅಂತ ಹಣಕಾಸು ಸಚಿವಾಲಯ ಸಂಸತ್ತಲ್ಲೇ ಹೇಳಿದೆ. 2019ರಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿದ್ದು ಎನಿಡೆಸ್ಕ್ ಬಗ್ಗೆ, ಅದು ದೂರದಿಂದ ಕಂಪ್ಯೂಟರ್ ರಿಪೇರಿ ಮಾಡೋಕೆ ಅಂತ ಇರೋ ಸಾಚಾ ಆಪು, ಕಳ್ಳರು ಫೋನಲ್ಲಿ ಪುಸಲಾಯಿಸಿ ಅದನ್ನೇ ಹಾಕಿಸ್ತಿದ್ರು. ಡಿಜಿಟಲ್ ಅರೆಸ್ಟ್ ಅಂತೀವಲ್ಲ, ಪೊಲೀಸರ ವೇಷದಲ್ಲಿ ಹೆದರಿಸಿ ದುಡ್ಡು ಕೀಳೋದು, ಅದಕ್ಕಂತೂ ಒಂದು ವಿಡಿಯೋ ಕಾಲ್ ಸಾಕು.

ನನ್ ಪ್ರಕಾರ ಬೀಗ ಬೇಕು, ಕೀಲಿ ಮಾತ್ರ ಫೋನ್ ಕೊಂಡೋರ ಕೈಲಿರ್ಬೇಕು. ನಿಮ್ಮಮ್ಮನ ಫೋನಿಗೆ ಪೂರ್ತಿ ಹಾಕಿ, ಅದು ಇವತ್ತೇ ಆಗುತ್ತೆ: ಸೆಟ್ಟಿಂಗ್ಸ್ ಮೇಲ್ಗಡೆ ಹುಡುಕೋ ಜಾಗದಲ್ಲಿ "ಅನ್‌ನೋನ್ ಆಪ್ಸ್" ಅಂತ ಹಾಕಿದ್ರೆ ಯಾವ್ಯಾವ ಆಪ್‌ಗೆ ಬೇರೆ ಆಪ್ ಹಾಕೋ ಅನುಮತಿ ಇದೆ ಅಂತ ಪಟ್ಟಿ ಬರುತ್ತೆ, ವಾಟ್ಸಾಪು, ಕ್ರೋಮು, ಫೈಲ್ ಮ್ಯಾನೇಜರ್ ಮೂರೂ ಆಫ್ ಮಾಡಿ. 2017ರ ಆಂಡ್ರಾಯ್ಡ್ 8ಕ್ಕಿಂತ ಮುಂಚೆ ಇಡೀ ಫೋನಿಗೆ ಒಂದೇ ಸ್ವಿಚ್ ಇತ್ತು, ಒಂದ್ಸಲ ಆನ್ ಮಾಡಿದ್ರೆ ಯಾರು ಬೇಕಾದ್ರೂ ನುಗ್ಗಬಹುದಿತ್ತು, ಈಗ ಒಂದೊಂದು ಆಪ್‌ಗೂ ಬೇರೆ ಬೇರೆ. ನನ್ನ ಕೇಳಿದ್ರೆ ಆ ಸ್ವಿಚ್ ಆನ್ ಮಾಡೋಕೆ ಒಂದು ದಿನ ಕಾಯಿಸ್ಬೇಕು. ಮೋಸ ನಡಿಯೋದು ಅವಸರದಲ್ಲಿ. ನಿಜವಾಗಿ ಬೇಕಾದೋನು ನಾಳೆವರೆಗೆ ಕಾಯ್ತಾನೆ, ಅಷ್ಟೊತ್ತಿಗೆ ಅಮ್ಮ ನಿಮ್ಮನ್ನ ಕೇಳಿರ್ತಾರೆ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೀರೋ ಇಲ್ವೋ ಕಾಗ್ದದಲ್ಲಿ ಬರ್ದಿಲ್ಲ. ಮಾಡಿಲ್ಲ ಅಂದ್ರೆ ಇದನ್ನ ಓದ್ತಿದ್ದಂಗೆ ಮಾಡಿ, ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೂ ಹೋಗಿ, ಬ್ಯಾಂಕಿಗೆ ಬಾಯಲ್ಲಿ ಹೇಳಿದ್ರೆ ಸಾಲ್ದು, ಬರ್ದು ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ ಮೂರು ಕೆಲಸದ ದಿನದೊಳಗೆ ತಿಳಿಸಿದ್ರಾ ಇಲ್ವಾ ಅನ್ನೋದಕ್ಕೆ ಬಹಳ ತೂಕ ಇದೆ. ಆ ಫೋನಿಂದ ಸಿಮ್ ತೆಗೆದು ಬಟನ್ ಫೋನಿಗೆ ಹಾಕಿ, ಫೋಟೋಗಳನ್ನ ಕಾಪಿ ಮಾಡ್ಕೊಂಡು ಫೋನನ್ನ ಪೂರ್ತಿ ರೀಸೆಟ್ ಮಾಡ್ಸಿ. ಬರೀ ಆ ಆಪ್ ಡಿಲೀಟ್ ಮಾಡಿ ಸುಮ್ನಾಗ್ಬೇಡಿ, ಎಷ್ಟೋ ಸಲ ಅದು ತನ್ನ ಐಕಾನೇ ಮುಚ್ಚಿಟ್ಕೊಂಡು ಕೂತಿರುತ್ತೆ.

ಬೇಲೂರಿಂದ ಒಬ್ಬ ನಿವೃತ್ತ ಮೇಷ್ಟ್ರು:

ಫೋನ್ ಮಾಡಿದ ಕಂಪನಿಯವರೇ ಬೇಕಾದ್ದೆಲ್ಲ ಹಾಕಿ ಕೊಡಲಿ, ಹೊರಗಿನವರ ಗೊಡವೆ ನಮಗೇಕೆ? ಟಿವಿ ಕೊಂಡರೆ ಅದರೊಳಗೆ ಬೇರೆಯವರು ಏನೂ ತುಂಬುವುದಿಲ್ಲವಲ್ಲ.

ಉತ್ತರ: ಮೇಷ್ಟ್ರೇ, ಇದಕ್ಕೆ ನನ್ ಅಂಗಡಿ ಕತೆ ಹೇಳ್ಬೇಕಾಗುತ್ತೆ. 2006ರಿಂದ ಸುಮಾರು ವರ್ಷ ನಾನು ಹಾಸನದಲ್ಲಿ ಮೊಬೈಲ್ ಸರ್ವಿಸ್ ಅಂಗಡಿ ಇಟ್ಕೊಂಡಿದ್ದೆ. 2010ರ ಸುಮಾರಿಗೆ ಸಕಲೇಶಪುರದ ಕಡೆ ತೋಟದ ಲೆಕ್ಕ ಬರೆಯೋ ರೈಟ್ರೊಬ್ರು ಹೊಸ ಬಟನ್ ಫೋನ್ ತಗೊಂಡು ಬಂದ್ರು, ಮಗ ಇಂಟರ್ನೆಟ್ ಪ್ಯಾಕ್ ಹಾಕಿಸ್ಕೊಟ್ಟಿದ್ದ. ಅವ್ರಿಗೆ ಬೇಕಿದ್ದಿದ್ದು ಒಂದೇ, ಕನ್ನಡ ಪೇಪರ್ ಓದ್ಬೇಕು, ತೋಟಕ್ಕೆ ಪೇಪರ್ ಬರೋದು ಮಧ್ಯಾಹ್ನ ಬಸ್ಸಿಗೆ. ಪೇಜ್ ತೆಗೆದ್ರೆ ಇಂಗ್ಲಿಷ್ ಅಕ್ಷರ ಎಲ್ಲ ಸರಿಯಾಗಿದೆ, ಕನ್ನಡ ಇರೋ ಕಡೆ ಎಲ್ಲ ಬರೀ ಚೌಕದ ಡಬ್ಬಿ. ಸಾಲು ಸಾಲು ಡಬ್ಬಿ. "ಇದೇನ್ ಸ್ವಾಮಿ, ನಮ್ ಭಾಷೆಗೆ ಕಿಟಕಿ ಬಾಗ್ಲು ಮಾತ್ರ ಇಟ್ಟವ್ರಲ್ಲ" ಅಂದ್ರು. ಕಂಪನಿ ಸರ್ವಿಸ್ ಸೆಂಟರಿಗೆ ಕೇಳಿದ್ರೆ ಈ ಮಾಡೆಲಲ್ಲಿ ಕನ್ನಡ ಇಲ್ಲ, ಬರೋದೂ ಇಲ್ಲ ಅಂದ್ರು.

ಆಗ ನಾನು ಅದಕ್ಕೆ ಒಪೆರಾ ಮಿನಿ ಹಾಕ್ದೆ. ನಾರ್ವೆ ದೇಶದ ಕಂಪನಿ ಮಾಡಿದ್ದ ಬ್ರೌಸರು, ಫೋನ್ ಕಂಪನಿಗೂ ಅದಕ್ಕೂ ಸಂಬಂಧ ಇಲ್ಲ. ಅದರ ಅಡ್ರೆಸ್ ಜಾಗದಲ್ಲಿ ಒಪೆರಾ ಅಂತ ಟೈಪ್ ಮಾಡಿ ಕೋಲನ್ ಹಾಕಿ ಕಾನ್ಫಿಗ್ ಅಂತ ಹೊಡೆದ್ರೆ ಒಂದು ಗುಟ್ಟಿನ ಪೇಜ್ ತೆರ್ಕೋತಿತ್ತು, ಕೆಳಗೆ ಇಳ್ಕೊಂಡು ಹೋದ್ರೆ ಜಟಿಲ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋ ಒಂದು ಸಾಲು, ಅದಕ್ಕೆ ಎಸ್ ಅಂತ ಕೊಟ್ಟು ಸೇವ್ ಮಾಡ್ಬೇಕು. ಆಮೇಲೆ ಪೇಜು ಮೊದ್ಲು ಅವ್ರ ಸರ್ವರಿಗೆ ಹೋಗಿ, ಅಲ್ಲಿ ಅಕ್ಷರಗಳನ್ನ ಚಿತ್ರ ಮಾಡಿ ಫೋನಿಗೆ ಕಳಿಸ್ತಿತ್ತು. ಫೋನಿಗೆ ಕನ್ನಡ ಬರ್ದಿದ್ರೂ ಚಿತ್ರ ತೋರ್ಸೋಕೆ ಬರುತ್ತಲ್ಲ. ರೈಟ್ರು ಕೌಂಟರ್ ಮೇಲೆ ಮೊಣಕೈ ಊರ್ಕೊಂಡು, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು, ಮಳೆ ಸುದ್ದಿ ಒಂದನ್ನ ಪೂರ್ತಿ ಗಟ್ಟಿಯಾಗಿ ಓದಿದ್ರು. ಆಮೇಲೆ ಬಂದೋರಿಗೆಲ್ಲ ಈ ಸೆಟ್ಟಿಂಗ್ ಮಾಡ್ಕೊಟ್ಟಿದೀನಿ, ದುಡ್ಡು ತಗೊಂಡಿಲ್ಲ.

ಆಂಡ್ರಾಯ್ಡಲ್ಲಿ ಕನ್ನಡ ಸೇರಿದ್ದು 2012ರ 4.1ಕ್ಕೆ. ಆಪಲ್ ತನ್ನದೇ ಕನ್ನಡ ಕೀಬೋರ್ಡ್ ಕೊಟ್ಟಿದ್ದು 2017ರಲ್ಲಿ, ಅದಕ್ಕೆ ಮೂರು ವರ್ಷ ಮುಂಚೆ ಹೊರಗಿನವ್ರ ಕೀಬೋರ್ಡ್ ಹಾಕ್ಕೊಳ್ಳೋಕೆ ಬಿಟ್ಟಿದ್ರಿಂದ ಐಫೋನಲ್ಲಿ ಕನ್ನಡ ಟೈಪ್ ಮಾಡೋರಿಗೆ ಒಂದು ದಾರಿ ಸಿಕ್ಕಿತ್ತು. ಲೆಕ್ಕ ಹಾಕಿ ನೋಡಿ, ಕಂಪನಿಯವ್ರು ಕೊಡ್ತಾರೆ ಅಂತ ಕಾದಿದ್ರೆ ನಮ್ ಭಾಷೆ ಎಷ್ಟು ವರ್ಷ ಡಬ್ಬಿಯಾಗೇ ಇರ್ತಿತ್ತು. ದೊಡ್ಡ ಕಂಪನಿಗೆ ನಾವು ಪಟ್ಟಿಯ ಕೊನೇ ಸಾಲು, ನಮಗೆ ಬೇಕಾದ್ದನ್ನ ನಮ್ ಥರದವ್ರೇ ಮಾಡ್ಕೋಬೇಕು, ಮಾಡಿದ್ದನ್ನ ಹಾಕೋಕೆ ಫೋನ್ ಬಿಡ್ಬೇಕು. ಈ ವಿಷ್ಯದಲ್ಲಿ ನನಗೆ ಇಷ್ಟು ಹಠ ಇರೋದು ಆ ಡಬ್ಬಿ ನೋಡಿದ್ದಕ್ಕೆ.

ನಿಮ್ ಫೋನನ್ನೇ ಒಂದ್ಸಲ ತೆಗೆದು ನೋಡಿ ಮೇಷ್ಟ್ರೇ. ವಾಟ್ಸಾಪ್ ಇದ್ಯಲ್ಲ, ಅದು ಹೊರಗಿನವ್ರದ್ದು. ಅಂಗಡಿ ಮುಂದೆ ಸ್ಕ್ಯಾನ್ ಮಾಡೋ ಯುಪಿಐ ಆಪ್ ಹೊರಗಿನವ್ರದ್ದು. ಸರ್ವೆ ನಂಬರ್ ನೋಡೋಕೆ ಜಮೀನಲ್ಲಿ ನಿಂತು ತೆಗೀತೀವಲ್ಲ ದಿಶಾಂಕ್, ಅದು ನಮ್ ರಾಜ್ಯದ ದೂರಸಂವೇದಿ ಕೇಂದ್ರದವ್ರು ಮಾಡಿದ್ದು, ಫೋನ್ ಕಂಪನಿ ಲೆಕ್ಕದಲ್ಲಿ ಅವ್ರೂ ಹೊರಗಿನವ್ರೇ. ಯುಪಿಐ ಇಷ್ಟು ಬೇಗ ಸಂತೆ ಸೊಪ್ಪಿನವ್ರ ತನಕ ಬಂದಿದ್ದಕ್ಕೆ ಒಂದು ಕಾರಣ ಫೋನಿನ ಕ್ಯಾಮೆರಾನ ಯಾವ ಆಪ್ ಬೇಕಾದ್ರೂ ಬಳಸ್ಬಹುದು ಅನ್ನೋದು, ಕ್ಯಾಮೆರಾ ಇದ್ರೆ ಕ್ಯೂಆರ್ ಓದ್ತು. ಐಫೋನಲ್ಲಿ ತಾಗಿಸಿ ದುಡ್ಡು ಕೊಡೋ ಎನ್ಎಫ್‌ಸಿ ಚಿಪ್ಪನ್ನ ಆಪಲ್ ಎಷ್ಟೋ ವರ್ಷ ತನ್ನ ಪೇಮೆಂಟಿಗೆ ಮಾತ್ರ ಇಟ್ಕೊಂಡಿತ್ತು, ನಮ್ ವ್ಯವಸ್ಥೆ ಅದನ್ನ ನಂಬ್ಕೊಂಡಿದ್ರೆ ಒಂದು ಕಂಪನಿ ಒಪ್ಪಿಗೆಗೆ ಕಾಯ್ತಾ ಕೂರ್ಬೇಕಿತ್ತು.

ಹೊರಗಿನವ್ರು ಬರದೇ ಇದ್ರೆ ಏನಾಗುತ್ತೆ ಅಂತ ವಿಂಡೋಸ್ ಫೋನ್ ನೋಡಿದೋರಿಗೆ ಗೊತ್ತು. ಫೋನ್ ಚೆನ್ನಾಗೇ ಇತ್ತು, ಹಗುರ, ಹ್ಯಾಂಗ್ ಆಗ್ತಿರ್ಲಿಲ್ಲ, ಜನಕ್ಕೆ ಬೇಕಾದ ಆಪ್ ಬರ್ಲಿಲ್ಲ, ಸತ್ತೋಯ್ತು. ಜಿಯೋ ಫೋನ್ 2017ರಲ್ಲಿ ಬಂತು, ಅದಕ್ಕೆ ವಾಟ್ಸಾಪ್ ಬಂದಿದ್ದು 2018ರ ಸೆಪ್ಟೆಂಬರಲ್ಲಿ, ಅಲ್ಲೀವರೆಗೆ ಎಷ್ಟು ಜನ ನನ್ ಅಂಗಡಿಗೆ ಬಂದು ಇದಕ್ಕೆ ವಾಟ್ಸಾಪ್ ಹಾಕ್ಕೊಡಿ ಅಂತ ಕೇಳಿಲ್ಲ! ಟಿವಿ ಉದಾಹರಣೆ ಕೊಟ್ರಿ, ಈಗಿನ ಟಿವಿಗೂ ಆಪ್ ಹಾಕ್ಕೋತಾರೆ.

ಚಿಕ್ಕಮಗಳೂರಿಂದ ಒಬ್ಬ ಬಿಎಸ್ಸಿ ವಿದ್ಯಾರ್ಥಿನಿ:

ಸರ್, ಐಫೋನಲ್ಲಿ ಮೊದಲಿಂದ್ಲೂ ಆಪ್ ಸ್ಟೋರ್ ಇತ್ತು ಅಂತ ನಮ್ ಕ್ಲಾಸಲ್ಲಿ ಒಬ್ರು ಹೇಳಿದ್ರು, ಇನ್ನೊಬ್ರು ಇಲ್ಲ ಅಂದ್ರು. ಯಾವ್ದು ಸರಿ?

ಉತ್ತರ: ಇರ್ಲಿಲ್ಲಮ್ಮ. ಐಫೋನ್ ತೋರಿಸಿದ್ದು 2007ರ ಜನವರಿಲಿ, ಮಾರಾಟಕ್ಕೆ ಬಂದಿದ್ದು ಜೂನಲ್ಲಿ, ಆಗ ಒಳಗಿದ್ದ ಆಪ್‌ಗಳೆಲ್ಲ ಆಪಲ್ ಹಾಕಿ ಕೊಟ್ಟಿದ್ದು ಮಾತ್ರ. ಹೊರಗಿನ ಡೆವಲಪರ್‌ಗಳು ಏನ್ ಮಾಡ್ಬೇಕು ಅಂದಿದ್ದಕ್ಕೆ ಆಗ ಆಪಲ್ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಬ್ರೌಸರ್ ಒಳಗೆ ನಡಿಯೋ ವೆಬ್ ಆಪ್ ಮಾಡ್ಕೊಳ್ಳಿ ಅಂದ್ರು. ಡೆವಲಪರ್‌ಗಳಿಗೆ ಅದು ಹಿಡಿಸ್ಲಿಲ್ಲ, ಕೆಲವೇ ವಾರದಲ್ಲಿ ಬೀಗ ಒಡೆದು ತಮ್ಮ ಆಪ್ ತಾವೇ ಹಾಕ್ಕೊಳ್ಳೋಕೆ ಶುರು ಮಾಡಿದ್ರು, ಜೈಲ್‌ಬ್ರೇಕ್ ಅಂತಾರಲ್ಲ ಅದು. ಕೊನೆಗೆ ಅದೇ ವರ್ಷ ಅಕ್ಟೋಬರಲ್ಲಿ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದು ಹೊರಗಿನವ್ರಿಗೂ ಅವಕಾಶ ಕೊಡ್ತೀವಿ ಅಂದ್ರು. ಆ ಪತ್ರದ ಒಂದು ಮಾತು ನನಗೆ ಈಗ್ಲೂ ಮುಖ್ಯ ಅನ್ಸುತ್ತೆ: ಫೋನ್ ತೆರೆದಿಡ್ಬೇಕು, ಜೊತೆಗೆ ಬಳಸೋರನ್ನ ವೈರಸ್ಸು, ಕಳ್ಳ ಸಾಫ್ಟ್‌ವೇರಿಂದ ಕಾಪಾಡ್ಬೇಕು, ಇವೆರಡೂ ಒಂದಕ್ಕೊಂದು ವಿರುದ್ಧ ಎಳೆಯೋ ಕೆಲ್ಸ ಅಂತ ಬರ್ದಿದ್ರು. ಅರಸೀಕೆರೆ ಪತ್ರಕ್ಕೆ ಉತ್ತರ ಬರೀವಾಗ ನನಗೂ ಅದೇ ಎಳೆದಾಟ.

2008ರ ಜುಲೈ 10ಕ್ಕೆ ಆಪ್ ಸ್ಟೋರ್ ತೆರೀತು, ಮೊದಲನೇ ದಿನ 500 ಆಪು, ಮೊದಲನೇ ವಾರಾಂತ್ಯಕ್ಕೆ ಒಂದು ಕೋಟಿ ಡೌನ್‌ಲೋಡು. ಮಾರಿದ್ರಲ್ಲಿ ನೂರಕ್ಕೆ 30 ಆಪಲ್‌ಗೆ. ಅದೇ ವರ್ಷ ಮೊದಲನೇ ಆಂಡ್ರಾಯ್ಡ್ ಫೋನೂ ಬಂತು, ಅದ್ರಲ್ಲಿ ಅಂಗಡಿನೂ ಇತ್ತು, ಅಂಗಡಿ ಬಿಟ್ಟು ಹೊರಗಿಂದ ಹಾಕ್ಕೊಳ್ಳೋ ದಾರಿನೂ ಇತ್ತು. ಆದ್ರೆ ಇವ್ರೇ ಮೊದಲಿಗರು ಅಂತ ಬರೀಬೇಡಿ, ಅದಕ್ಕೂ ಎಷ್ಟೋ ಮುಂಚೆ ನೋಕಿಯಾ ಸಿಂಬಿಯನ್ ಫೋನಿಗೆ, ಜಾವಾ ಫೋನಿಗೆ ನಾವು ಬ್ಲೂಟೂತಲ್ಲಿ, ಮೆಮೊರಿ ಕಾರ್ಡಲ್ಲಿ ಜಾರ್ ಫೈಲ್ (ಆಗಿನ ಕಾಲದ ಏಪಿಕೆ ಅನ್ಕೊಳ್ಳಿ) ಹಾಕಿ ಕೊಡ್ತಿದ್ವಿ. ಒಪೆರಾ ಮಿನಿನೂ ಹಾಗೇ ಹಾಕಿದ್ದು.

ಮುಂದಿನ ಕತೆ ಬೇಕಿದ್ರೆ, ಯುರೋಪಿನ ಕಾಯ್ದೆಯಿಂದಾಗಿ 2024ರ ಮಾರ್ಚಿಂದ ಅಲ್ಲಿನ ಐಫೋನಿಗೆ ಬೇರೆಯವ್ರ ಆಪ್ ಸ್ಟೋರೂ ಬಂದಿದೆ. ನಮ್ಮಲ್ಲಿ ಇನ್ನೂ ಇಲ್ಲ.

ಕಡೂರಿಂದ ಒಬ್ರು:

ನಮ್ ದೇಶದಲ್ಲಿ ಗೂಗಲ್‌ಗೆ ದಂಡ ಹಾಕಿದ್ರಲ್ಲ, ಅದ್ರಿಂದ ನಮಗೇನ್ ಸಿಕ್ತು? ಪ್ಲೇ ಸ್ಟೋರ್ ಬಿಟ್ರೆ ಬೇರೆ ನಂಬಿಕಸ್ಥ ಸ್ಟೋರ್ ಇದ್ಯಾ?

ಉತ್ತರ: ಸ್ಪರ್ಧಾ ಆಯೋಗ 2022ರ ಅಕ್ಟೋಬರಲ್ಲಿ ಎರಡು ದಂಡ ಹಾಕ್ತು, ಆಂಡ್ರಾಯ್ಡ್ ವಿಷ್ಯಕ್ಕೆ 1,337.76 ಕೋಟಿ, ಆಪ್‌ಗಳ ದುಡ್ಡು ತನ್ನ ಮೂಲಕವೇ ಕಟ್ಟಿಸ್ಕೊಳ್ಳೋ ಪ್ಲೇ ಸ್ಟೋರ್ ಬಿಲ್ಲಿಂಗಿಗೆ 936.44 ಕೋಟಿ. ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚಲ್ಲಿ ಮೊದಲನೇ ದಂಡ ಎತ್ತಿಹಿಡೀತು, ಆದ್ರೆ ಆಯೋಗ ಗೂಗಲ್‌ಗೆ ಕೊಟ್ಟಿದ್ದ ನಾಲ್ಕು ಸೂಚನೆ ತೆಗೆದುಹಾಕ್ತು, ಬೇರೆ ಆಪ್ ಸ್ಟೋರ್‌ಗಳನ್ನ ಪ್ಲೇ ಸ್ಟೋರ್ ಒಳಗೇ ಸಿಗೋ ಹಾಗೆ ಮಾಡಿ ಅನ್ನೋದೂ ಅದ್ರಲ್ಲಿತ್ತು. ನನಗೆ ಅದು ಬೇಜಾರಾದ ವಿಷ್ಯ. ಅಂಗಡಿ ಒಂದೇ ಇದ್ದಾಗ ಏನಾಗುತ್ತೆ ಅಂತ 2024ರ ಮಾರ್ಚಲ್ಲಿ ನೋಡಿದ್ವಿ, ಶುಲ್ಕದ ಜಗಳಕ್ಕೆ ಭಾರತ್ ಮ್ಯಾಟ್ರಿಮೋನಿ, ನೌಕರಿ ಥರದ ದೊಡ್ಡ ದೊಡ್ಡ ಆಪ್‌ಗಳೇ ಪ್ಲೇ ಸ್ಟೋರಿಂದ ಮಾಯ ಆದ್ವು, ಕೇಂದ್ರ ಸರ್ಕಾರ ಮಧ್ಯೆ ಬಂದ್ಮೇಲೆ ವಾಪಸ್ ಬಂದ್ವು. ದೊಡ್ಡವ್ರಿಗೆ ಮಂತ್ರಿ ಸಿಗ್ತಾರೆ, ಕಡೂರಲ್ಲಿ ಕೂತು ಆಪ್ ಮಾಡಿದ ಹುಡುಗನಿಗೆ ಯಾರು ಸಿಗ್ತಾರೆ?

ಬೇರೆ ಸ್ಟೋರ್ ಅಂದ್ರೆ ಎಫ್-ಡ್ರಾಯ್ಡ್ ಇದೆ, 2010ರಿಂದ ನಡೀತಿದೆ, ಅಲ್ಲಿರೋ ಆಪ್‌ಗಳ ಸೋರ್ಸ್ ಕೋಡ್, ಅಂದ್ರೆ ಆಪ್ ಬರೆದ ಮೂಲ ಸಾಲುಗಳು, ಎಲ್ರಿಗೂ ಓದೋಕೆ ಸಿಗುತ್ತೆ, ಜಾಹೀರಾತು ಕಾಟ ಕಮ್ಮಿ. ಫೋನ್‌ಪೇಯವ್ರು 2024ರಲ್ಲಿ ಇಂಡಸ್ ಆಪ್‌ಸ್ಟೋರ್ ಶುರು ಮಾಡಿದಾರೆ, ಅದ್ರಲ್ಲಿ ಭಾರತದ ಭಾಷೆಗಳಲ್ಲೇ ಹುಡುಕಬಹುದು. ಎರಡನ್ನೂ ಅವ್ರವ್ರ ವೆಬ್‌ಸೈಟಿಂದ ಮಾತ್ರ ಇಳಿಸ್ಕೊಳ್ಳಿ, ಯಾರೋ ಫಾರ್ವರ್ಡ್ ಮಾಡಿದ ಲಿಂಕ್ ಬೇಡ.

ಮೂಡಿಗೆರೆ ಹತ್ರದ ಒಂದು ತೋಟದಿಂದ:

ಸರ್, ನಾನು ಬಿಸಿಎ ಮಾಡಿ ಮನೆ ತೋಟ ನೋಡ್ಕೋತಿದೀನಿ. ನಮ್ ತೋಟಕ್ಕೆ ಚೆಕ್‌ರೋಲ್ ಬರೆಯೋಕೆ ನಾನೇ ಒಂದು ಸಣ್ಣ ಆಪ್ ಮಾಡ್ದೆ. ಯಾರು ಬಂದ್ರು, ಎಷ್ಟು ಕೆಜಿ ಹಣ್ಣು ಕುಯ್ದ್ರು, ಅಡ್ವಾನ್ಸ್ ಎಷ್ಟು ತಗೊಂಡಿದಾರೆ, ಬಟವಾಡೆ ದಿನ ಎಷ್ಟು ಕೊಡ್ಬೇಕು, ಇಷ್ಟೇ. ನೆಟ್‌ವರ್ಕ್ ಇಲ್ದಿದ್ರೂ ನಡಿಯುತ್ತೆ. ಪಕ್ಕದ ಮೂರು ತೋಟದವ್ರು ಕೇಳಿದ್ರು ಅಂತ ವಾಟ್ಸಾಪಲ್ಲಿ ಏಪಿಕೆ ಕಳ್ಸಿದ್ರೆ ಅವ್ರ ಫೋನು ಅಪಾಯ ಅಂತ ಹೆದರಿಸುತ್ತೆ. ನಿಮ್ ಅಂಕಣ ಓದಿದ ರೈಟ್ರು "ಇದು ಕಳ್ಳ ಆಪ್ ಜಾತಿದು, ಪುಸ್ತಕದಲ್ಲೇ ಬಂದಿದೆ" ಅಂದ್ರು. ಪ್ಲೇ ಸ್ಟೋರಿಗೆ ಹಾಕೋಣ ಅಂದ್ರೆ ಹನ್ನೆರಡು ಜನ ಟೆಸ್ಟರ್ ತನ್ನಿ ಅಂತಾರೆ. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪು ನಿಮ್ದಲ್ಲ, ನನ್ನ ಹೋದ ತಿಂಗಳ ಸಾಲಿಂದು. ಅದನ್ನ ಬರೀವಾಗ ನನ್ ತಲೇಲಿ ಬರೀ ಕಳ್ಳರೇ ಇದ್ರು, ನಿಮ್ಮಂಥೋರು ಇರ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ರೈಟ್ರಿಗೆ ಈ ಉತ್ತರನೂ ತೋರ್ಸಿ.

ನಿಮ್ ಕಾಗ್ದ ನಾನು ಮೂರು ಸಲ ಓದ್ದೆ. ಚೆಕ್‌ರೋಲ್ ಪುಸ್ತಕ ಹಿಡ್ಕೊಂಡು ಸುಗ್ಗಿ ಸಂಜೆ ತಕ್ಕಡಿ ಪಕ್ಕ ನಿಂತಿರೋರನ್ನ ನೋಡಿದೀನಿ, ಮಂದ ಬೆಳಕಲ್ಲಿ ಏಳು ಯಾವ್ದು ಒಂದು ಯಾವ್ದು ಗೊತ್ತಾಗಲ್ಲ, ಬಟವಾಡೆ ದಿನ ಅದಕ್ಕೇ ಜಗಳ ಆಗುತ್ತೆ, ಕೆಜಿ ಲೆಕ್ಕ ತಪ್ಪಿದ್ರೆ ನಷ್ಟ ಆಗೋದು ಕುಯ್ಲಿನವ್ರಿಗೆ. ಇಂಥದ್ದಕ್ಕೆ ಆಪ್ ಮಾಡ್ಬೇಕು ಅಂತ ಯಾವ ಫೋನ್ ಕಂಪನಿಗೂ ಹೊಳಿಯಲ್ಲ, ಹೊಳೆದ್ರೂ ಮಾಡಲ್ಲ, ನಾಕು ತೋಟದ ಕೆಲ್ಸಕ್ಕೆ ಅವ್ರು ಯಾಕ್ ಕೂರ್ತಾರೆ. ತೋಟದಲ್ಲಿ ಓಡಾಡಿದೋರೇ ಮಾಡ್ಬೇಕು, ನೀವು ಮಾಡಿದೀರ.

ಈಗಿನ ಪರಿಸ್ಥಿತಿ ಹೇಳ್ತೀನಿ. ಪ್ಲೇ ಸ್ಟೋರಲ್ಲಿ ಅಕೌಂಟಿಗೆ ಒಂದ್ಸಲ 25 ಡಾಲರ್, ಅದು ಪರವಾಗಿಲ್ಲ, ಆಪಲ್‌ನವ್ರು ವರ್ಷಕ್ಕೆ 99 ಡಾಲರ್ ಕೇಳ್ತಾರೆ. 2023ರ ನವೆಂಬರ್ ನಂತರ ಹೊಸದಾಗಿ ವೈಯಕ್ತಿಕ ಅಕೌಂಟ್ ತೆರೆದೋರು 12 ಜನ ಟೆಸ್ಟರ್‌ಗಳ ಕೈಲಿ ಬಿಡದೇ 14 ದಿನ ಆಪ್ ಇರಿಸಿ ತೋರಿಸ್ಬೇಕು, ಮೊದ್ಲು 20 ಜನ ಅಂತಿತ್ತು, ಆಮೇಲೆ ಇಳಿಸಿದ್ರು. ನಾಕು ತೋಟದ ರೈಟ್ರು, ಮೇಸ್ತ್ರಿ ಎಲ್ಲ ಸೇರಿದ್ರೆ ಹನ್ನೆರಡು ಆಗ್ಬಹುದು, ಪ್ರಯತ್ನ ಮಾಡಿ.

ನನಗೆ ಚಿಂತೆ ಇರೋದು ಮುಂದಿನದ್ರ ಬಗ್ಗೆ. 2025ರ ಆಗಸ್ಟಲ್ಲಿ ಗೂಗಲ್ ಒಂದು ಯೋಜನೆ ಹೇಳಿದೆ, ಪ್ಲೇ ಸ್ಟೋರ್ ಇರ್ಲಿ, ಹೊರಗಿನ ಏಪಿಕೆ ಇರ್ಲಿ, ಡೆವಲಪರ್ ತನ್ನ ಗುರುತು ದೃಢಪಡಿಸಿ ರಿಜಿಸ್ಟರ್ ಆಗಿದ್ರೆ ಮಾತ್ರ ಸರ್ಟಿಫೈಡ್, ಅಂದ್ರೆ ಗೂಗಲ್ ಒಪ್ಪಿಗೆ ಇರೋ ಆಂಡ್ರಾಯ್ಡ್ ಫೋನಲ್ಲಿ ಆಪ್ ಇಳಿಯುತ್ತೆ ಅಂತ. 2026ರ ಸೆಪ್ಟೆಂಬರಿಗೆ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡಲ್ಲಿ ಶುರು, 2027ರಿಂದ ಬೇರೆ ದೇಶಗಳಿಗೆ ಅನ್ನೋದು ಅವ್ರ ಲೆಕ್ಕ. ಎಫ್-ಡ್ರಾಯ್ಡ್‌ನವ್ರು ಇದ್ರಿಂದ ನಮ್ ಕತೆ ಮುಗೀತು ಅಂತ ಗಟ್ಟಿಯಾಗೇ ವಿರೋಧಿಸಿದ್ರು. ವಿದ್ಯಾರ್ಥಿಗಳಿಗೆ, ಹವ್ಯಾಸಕ್ಕೆ ಮಾಡೋರಿಗೆ ಶುಲ್ಕ ಇಲ್ಲದ ಬೇರೆ ಅಕೌಂಟ್ ಕೊಡ್ತೀವಿ, ಅನುಭವ ಇರೋರಿಗೆ ಅಪಾಯ ಗೊತ್ತಿದ್ದೇ ಹಾಕ್ಕೊಳ್ಳೋ ದಾರಿ ಇಡ್ತೀವಿ ಅಂತ ಗೂಗಲ್ ಹೇಳಿದೆ. ಗುರುತು ಕೇಳೋದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ, ಅರಸೀಕೆರೆ ಅಮ್ಮನ 46 ಸಾವಿರ ನೆನೆಸ್ಕೊಂಡ್ರೆ ಹೇಳೋಕೂ ಆಗಲ್ಲ. ಆದ್ರೆ ನಿಮ್ ತೋಟದ ಲೆಕ್ಕಕ್ಕೆ ನೀವೇ ಮಾಡಿದ ಆಪನ್ನ ನೀವೇ ದುಡ್ಡು ಕೊಟ್ಟು ತಂದ ಫೋನಿಗೆ ಹಾಕೋಕೆ ಬೇರೆ ದೇಶದ ಕಂಪನಿ ಹತ್ರ ಹೆಸ್ರು ಬರೆಸ್ಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಆ ದಾರಿ ಕೊನೇವರೆಗೂ ಇರ್ಬೇಕು, ಸ್ವಲ್ಪ ಕಷ್ಟ ಇದ್ರೂ ಸರಿ, ಮುಚ್ಚಬಾರ್ದು.

ಇನ್ನು ನೀವು ಮಾಡ್ಬೇಕಾದ್ದು. ವಾಟ್ಸಾಪಲ್ಲಿ ಏಪಿಕೆ ಕಳ್ಸೋದು ಇವತ್ತಿಂದ್ಲೇ ನಿಲ್ಸಿ. ನಿಮ್ ಫೈಲ್ ಒಳ್ಳೇದೇ, ಆದ್ರೆ ವಾಟ್ಸಾಪಲ್ಲಿ ಬಂದಿದ್ದನ್ನ ಒತ್ತಿ ಹಾಕ್ಕೊಳ್ಳೋ ಅಭ್ಯಾಸ ರೈಟ್ರಿಗೆ ಆದ್ರೆ ನಾಳೆ ನಿಮ್ ಆಪ್ ಹೆಸ್ರಲ್ಲೇ ಇನ್ನೊಂದು ಬರುತ್ತೆ. ಬೈಕ್ ಹತ್ತಿ ಆ ಮೂರು ತೋಟಕ್ಕೆ ನೀವೇ ಹೋಗಿ, ಎದುರಿಗೆ ಕೂತು ಹಾಕ್ಕೊಟ್ಟು, ಅನುಮತಿ ಸ್ವಿಚ್ಚನ್ನ ವಾಪಸ್ ಆಫ್ ಮಾಡಿ ಬನ್ನಿ. ಆಪಲ್ಲಿ ಎಸ್ಎಮ್ಎಸ್, ಕಾಂಟ್ಯಾಕ್ಟ್, ಲೊಕೇಶನ್ ಏನೂ ಕೇಳ್ಬೇಡಿ, ಚೆಕ್‌ರೋಲಿಗೆ ಅದ್ಯಾವ್ದೂ ಬೇಡ, ಪರ್ಮಿಶನ್ ಪಟ್ಟಿ ಖಾಲಿ ಇರೋದನ್ನ ರೈಟ್ರಿಗೆ ತೋರ್ಸಿದ್ರೆ ಅವ್ರಿಗೂ ಧೈರ್ಯ ಬರುತ್ತೆ. ಆಪಿಗೆ ಸಹಿ ಹಾಕೋ ಕೀ ಫೈಲ್ ಇದ್ಯಲ್ಲ, ಅದನ್ನ ಎರಡು ಪೆನ್‌ಡ್ರೈವಲ್ಲಿ ಬೇರೆ ಬೇರೆ ಕಡೆ ಇಟ್ಕೊಳ್ಳಿ, ಪಾಸ್‌ವರ್ಡ್ ಕಾಗ್ದದ ಮೇಲೆ ಬರ್ದಿಡಿ. ಅದು ಕಳೆದ್ರೆ ಹಳೇ ಆಪ್ ಮೇಲೆ ಹೊಸ ಅಪ್‌ಡೇಟ್ ಕೂರಲ್ಲ, ತೆಗೆದು ಮತ್ತೆ ಹಾಕ್ಬೇಕು, ಆಗ ಫೋನ್ ಒಳಗಿರೋ ಸುಗ್ಗಿ ಲೆಕ್ಕ ಎಲ್ಲ ಅಳಿಸೋಗುತ್ತೆ. ಅದಕ್ಕೇ ವಾರಕ್ಕೊಂದ್ಸಲ ಲೆಕ್ಕ ಎಲ್ಲ ಒಂದು ಫೈಲಾಗಿ ಹೊರಗೆ ತೆಗೆಯೋ ಬಟನ್ ಒಂದು ಸೇರ್ಸಿ. ಕೂಲಿಯವ್ರು ತಮ್ಮ ಕೆಜಿ ತಾವೇ ನೋಡ್ಕೊಳ್ಳೋ ಹಾಗೆ ದೊಡ್ಡ ಅಕ್ಷರದ ಒಂದು ಪರದೆನೂ ಇರ್ಲಿ.

ಬಟವಾಡೆ ಯಾವ ದಿನ ಅಂತ ತಿಳ್ಸಿ. ಸುಗ್ಗಿ ಮುಗಿಯೋದ್ರೊಳಗೆ ಒಂದ್ಸಲ ಮೂಡಿಗೆರೆ ಬಸ್ ಹತ್ತಿ ಬರ್ತೀನಿ, ತಕ್ಕಡಿ ಪಕ್ಕ ನಿಂತು ಅದು ನಡಿಯೋದನ್ನ ನೋಡ್ಬೇಕು.